ಕೇಳಲು ಕಲಿತ ಒಂದು ವರ್ಷ

2025ರ ಶ್ರಾವಣದ ಒಂದು ಸೋಮವಾರ. ಕಲಬುರಗಿಯ ಶರಣಬಸವೇಶ್ವರರ ಗುಡಿಯಲ್ಲಿ ಜನವೋ ಜನ. ದರ್ಶನ ಮುಗಿಸಿ, ಪ್ರಸಾದದ ಪೊಟ್ಟಣ ಹಿಡಿದು ಹೊರಗೆ ಬರುತ್ತಿದ್ದಾಗ “ಸರ, ಶರಣ್ರಿ” ಎಂಬ ದನಿ ಬೆನ್ನ ಹಿಂದೆ ಕೇಳಿಸಿತು. ತಿರುಗಿ ನೋಡಿದೆ. ನನ್ನ ಹಳೆಯ ವಿದ್ಯಾರ್ಥಿ! ಬಿ.ಸಿ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಗೋಡೆಗೆ ಆತು ಕುಳಿತು, ನಾನು ಕನ್ನಡ ಪಾಠ ಹೇಳಿದಷ್ಟು ಕಾಲವೂ ಒಂದೇ ಒಂದು ಪ್ರಶ್ನೆಯನ್ನು ಕೇಳದಿದ್ದ ಹುಡುಗ.

“ಏನಪ್ಪ, ಬೆಂಗಳೂರಿನಲ್ಲಿ ಇದ್ದೀಯೆಂದು ಕೇಳಿದ್ದೆ?”

“ಹೌದ್ರಿ ಸರ. ಒಂದು ವರುಷದ ಅಪ್ರೆಂಟಿಸ್ ಇತ್ರಿ, ಮುಗೀತ್ರಿ. ನೌಕರಿ ಮಾತ್ರ ಖಾಯಂ ಆಗಲಿಲ್ರಿ.”

ಇಷ್ಟನ್ನು ಅವನು ನಗುತ್ತಲೇ ಹೇಳಿದನು. ಆ ನಗೆ ನನಗೆ ಅರ್ಥವಾಗಲಿಲ್ಲ. ಹೊಲದ ಮೇಲೆ ಸಾಲವಿರುವ ಮನೆಯ ಮಗ, ವರ್ಷವೆಲ್ಲ ದುಡಿದು ಬರಿಗೈಲಿ ಹಿಂತಿರುಗಿದ್ದಾನೆ, ನಗುವುದಕ್ಕೆ ಏನಿದೆ? ಚಹಕ್ಕೆಂದು ಮನೆಗೆ ಕರೆದುಕೊಂಡು ಹೋದೆ. ತರಗತಿಯಲ್ಲಿ ಬಾಯಿ ಬಿಡದಿದ್ದ ಹುಡುಗ ಅಂದು ರಾತ್ರಿ ಹತ್ತರವರೆಗೆ ಮಾತನಾಡಿದನು. ಅವನು ಹೇಳಿದ್ದನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವನ ಹೆಸರಾಗಲಿ, ಅವನು ದುಡಿದ ಸಂಸ್ಥೆಯ ಹೆಸರಾಗಲಿ ಇಲ್ಲಿ ಬೇಕಿಲ್ಲ. ಇಂದು ನಮ್ಮ ನಗರಗಳಲ್ಲಿ ಮನೆಗೊಬ್ಬರಂತೆ ಮಕ್ಕಳು ‘ಸಾಫ್ಟ್‌ವೇರ್’ ಎನ್ನುವ ಕೆಲಸದಲ್ಲಿದ್ದಾರೆ. ಅಲ್ಲಿ ಮಗ ಏನು ಮಾಡುತ್ತಾನೆಂದು ಕೇಳಿದರೆ, “ಕಂಪ್ಯೂಟರಿನ ಮುಂದೆ ಕುಳಿತಿರುತ್ತಾನೆ” ಎನ್ನುವುದಕ್ಕಿಂತ ಹೆಚ್ಚು ಹೇಳಬಲ್ಲ ತಾಯಂದಿರು ವಿರಳ. ಅಂಥ ತಾಯಂದಿರಿಗೂ, ಮಕ್ಕಳನ್ನು ಇನ್ನು ಕಳುಹಿಸಲಿರುವ ತಂದೆಯರಿಗೂ ಈ ಹುಡುಗನ ಕಥೆ ಉಪಯೋಗಕ್ಕೆ ಬಂದೀತು.

ತೊಗರಿಯ ನಾಡಿನ ಹುಡುಗ

ಹುಡುಗನ ಊರು ಸರಸಂಬಾ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಆಳಂದ ತಾಲ್ಲೂಕಿನ ಹಳ್ಳಿ. ಕರಿ ಎರೆಯ ಭೂಮಿ. ಜೋಳ, ತೊಗರಿಗಳೇ ಜೀವಾಳ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ಮರಾಠಿ ಎರಡೂ. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುವುದುಂಟು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಕಣಜದ ಕೀರ್ತಿಗೂ ಒಕ್ಕಲಿಗನ ಕೈಗೆ ಬರುವ ಕಾಸಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಮಗ ಓದಿ ನೌಕರಿ ಹಿಡಿದರೆ ಸಾಲ ತೀರೀತೆಂಬುದು ತಂದೆಯ ಆಸೆ. ಹುಡುಗ ಕನ್ನಡ ಶಾಲೆಯಲ್ಲಿ ಓದಿ, ಕಲಬುರಗಿಗೆ ಬಂದು 2024ರಲ್ಲಿ ಬಿ.ಸಿ.ಎ. ಮುಗಿಸಿದನು.

ಕಂಪ್ಯೂಟರು ಆ ಹಳ್ಳಿಗೆ ಅಪರಿಚಿತವಾದುದೇನೂ ಅಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲೇ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಂದಿನಿಂದ ಒಕ್ಕಲಿಗನಿಗೂ ಕಂಪ್ಯೂಟರಿಗೂ ನಂಟು ಬೆಳೆದಿದೆ. ಆದರೆ ಆ ನಂಟು ಕಿಟಕಿಯ ಈಚೆಗಿನದು. ಆಚೆ ಕುಳಿತು ಆ ಯಂತ್ರಕ್ಕೆ ಬುದ್ಧಿ ಹೇಳುವವರು ಯಾರು, ಹೇಗೆ ಹೇಳುತ್ತಾರೆ ಎಂಬುದು ಊರಿಗೆ ತಿಳಿಯದು. ಮೂರು ವರ್ಷ ಅದನ್ನೇ ಓದಿದ ಹುಡುಗನಿಗೂ, ಅವನೇ ಒಪ್ಪಿಕೊಂಡಂತೆ, ಅಷ್ಟಾಗಿ ತಿಳಿದಿರಲಿಲ್ಲ.

ಶಿಶಿಕ್ಷು ಎಂದರೆ ಯಾರು?

ನಮ್ಮ ದೇಶದಲ್ಲಿ ಒಂದು ವರ್ಷದ ಇಂಥ ಕೆಲಸದ ಕಲಿಕೆಗೆ ಕಾನೂನಿನ ಆಧಾರವಿದೆ. ಅದು 1961ರ ಅಪ್ರೆಂಟಿಸ್ ಕಾಯಿದೆ. ಮೊದಲು ಅದು ಕಾರ್ಖಾನೆಗಳ ಕುಶಲ ಕಸುಬುಗಳಿಗೆ ಸೀಮಿತವಾಗಿತ್ತು. 1973ರಲ್ಲಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ತಂದರು. 2014ರ ತಿದ್ದುಪಡಿಯು ಉಳಿದ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮಗಳಂತೆ ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಕೊಡಬೇಕೆಂದು ಗೊತ್ತಾಯಿತು. ರಾಷ್ಟ್ರೀಯ ತರಬೇತಿ ಯೋಜನೆಯಲ್ಲಿ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಹುಡುಗ ಬೆಂಗಳೂರಿಗೆ ಹೋದ ವರ್ಷವೇ, ಎಂದರೆ 2024ರ ಅಕ್ಟೋಬರಿನಲ್ಲಿ, ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಆರಂಭವಾಯಿತು. ದೇಶದ ದೊಡ್ಡ ಕಂಪೆನಿಗಳಲ್ಲಿ ಹನ್ನೆರಡು ತಿಂಗಳ ಅನುಭವ, ತಿಂಗಳಿಗೆ 5,000 ರೂಪಾಯಿ ನೆರವು ಎಂಬುದು ಆರಂಭದಲ್ಲಿ ಅದರ ಸ್ವರೂಪವಾಗಿತ್ತು.

ಅಪ್ರೆಂಟಿಸನಿಗೆ ಸರ್ಕಾರಿ ಕನ್ನಡದಲ್ಲಿ ‘ಶಿಶಿಕ್ಷು’ ಎಂಬ ಹೆಸರುಂಟು. ನಾಲಗೆಗೆ ತುಸು ತೊಡಕಿನ ಮಾತು. ಆದರೆ ಅದರ ಅರ್ಥ ಚೆಲುವಾದುದು: ಕಲಿಯಬೇಕೆಂದು ಬಯಸುವವನು. ಕಾಯಿದೆಯೂ ಈ ಅರ್ಥಕ್ಕೆ ತಕ್ಕಂತೆಯೇ ಇದೆ. ಅದು ಕಲಿಕೆಯನ್ನು ಕೊಡಿಸುತ್ತದೆ. ವರ್ಷದ ಕೊನೆಗೆ ನೌಕರಿಯನ್ನು ಕೊಡಿಸುವ ಭರವಸೆ ಅದರಲ್ಲಿಲ್ಲ. ಇಟ್ಟುಕೊಳ್ಳುವುದು, ಬಿಡುವುದು ಸಂಸ್ಥೆಯ ಇಚ್ಛೆ. ಹುಡುಗ ಇದನ್ನು ಓದಿಯೇ ರುಜು ಹಾಕಿದ್ದನು. ತಂದೆಗೆ ಮಾತ್ರ ಹೇಳಿರಲಿಲ್ಲ.

ಮೌನದ ಮೂರು ವಾರ

2024ರ ಆಗಸ್ಟ್ ತಿಂಗಳ ಒಂದು ಸಂಜೆ ಅವನು ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಗಿಗೆ ಬೆಂಗಳೂರಿನಲ್ಲಿ ಇಳಿದನು. ಚೀಲದಲ್ಲಿ ಎರಡು ಜೊತೆ ಬಟ್ಟೆ, ತಾಯಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪೆನಿ ಬೆಂಗಳೂರಿಗೆ ಬಂದಾಗ ಉಪಗ್ರಹ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರಂತೆ. ಆ ಊರಿಗೆ ಎತ್ತಿನ ಗಾಡಿಯ ಮನೆಯಿಂದ ಹೋದ ಈ ಹುಡುಗನಿಗೆ ನಾಲ್ವರೊಡನೆ ಹಂಚಿಕೊಂಡ ಒಂದು ಕೋಣೆ ದೊರೆಯಿತು. ಬಾಡಿಗೆ, ಊಟ, ಬಸ್ಸು ಕಳೆದು ತಿಂಗಳ ಕೊನೆಗೆ ಉಳಿಯುತ್ತಿದ್ದುದು ಚಿಲ್ಲರೆ. ಮನೆಗೆ ಹಣ ಕಳುಹಿಸುವ ಮಾತು ದೂರವೇ ಉಳಿಯಿತು.

ಸಂಸ್ಥೆ ಚಿಕ್ಕದು. ಪತ್ತಿನ ಸಹಕಾರಿ ಸಂಘಗಳ ಲೆಕ್ಕಪತ್ರಕ್ಕೆ ಬೇಕಾದ ಸಾಫ್ಟ್‌ವೇರನ್ನು ಸಿದ್ಧಪಡಿಸುವುದು ಅದರ ಕೆಲಸ. ಕಾಲೇಜಿನಲ್ಲಿ ಪ್ರೋಗ್ರಾಮ್ ಎಂದರೆ ಖಾಲಿ ಹಾಳೆಯ ಮೇಲೆ ತಾನೇ ಮೊದಲಿನಿಂದ ಬರೆಯುವುದು. ಇಪ್ಪತ್ತು ಮೂವತ್ತು ಸಾಲು ಬರೆದು ಅಂಕ ಪಡೆಯುವುದು. ಇಲ್ಲಿ ಅವನ ಮುಂದೆ ಬಂದದ್ದು ಹತ್ತು ವರ್ಷಗಳಿಂದ ಹತ್ತಾರು ಜನ ಬರೆದು, ತಿದ್ದಿ, ಬಿಟ್ಟುಹೋಗಿದ್ದ ಲಕ್ಷಾಂತರ ಸಾಲುಗಳ ರಾಶಿ. “ಬರೆಯೋದು ಕಡಿಮಿ ರೀ ಸರ, ಓದೋದೇ ಹೆಚ್ಚು” ಎಂದನು ಹುಡುಗ. ಹಳಗನ್ನಡ ಕಾವ್ಯಕ್ಕೆ ಟೀಕೆಯಿಲ್ಲದೆ ಕೈಹಾಕಿದವನ ಪಾಡು ಎಂದರೆ ನನ್ನಂಥ ಮೇಷ್ಟರಿಗೆ ಸುಲಭವಾಗಿ ತಿಳಿಯುತ್ತದೆ.

ಈ ಸಾಲುಗಳಿಗೆಲ್ಲ ‘ಗಿಟ್’ ಎಂಬ ಒಂದು ದಫ್ತರು. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬಾತ ರೂಪಿಸಿದ ವ್ಯವಸ್ಥೆಯಿದು. ಯಾವ ಸಾಲನ್ನು ಯಾರು, ಎಂದು, ಏಕೆ ಬದಲಿಸಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ ಒಪ್ಪಿದ ಮೇಲೆಯೇ ಅದು ಮುಖ್ಯ ಪ್ರತಿಗೆ ಸೇರುವುದು. ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ತಂಡದವರೆಲ್ಲ ಹದಿನೈದು ನಿಮಿಷ ಸೇರುತ್ತಾರೆ. ಪ್ರತಿಯೊಬ್ಬರೂ ಮೂರು ಮಾತು ಹೇಳಬೇಕು: ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿಯೇನಾದರೂ ಇದೆಯೆ?

ನಮ್ಮ ಹುಡುಗನಿಗೆ ಒಪ್ಪಿಸಿದ ಮೊದಲ ಕೆಲಸ ಚಿಕ್ಕದು. ಒಂದು ವರದಿಯ ತಾರೀಖುಗಳು ಹಿಂದುಮುಂದಾಗಿ ಬರುತ್ತಿದ್ದವು, ಸರಿಪಡಿಸಬೇಕಿತ್ತು. ಅವನು ಹುಡುಕಿದನು. ಸಿಕ್ಕಲಿಲ್ಲ. ರಾತ್ರಿಯವರೆಗೆ ಕುಳಿತನು. ಸಿಕ್ಕಲಿಲ್ಲ. ಪ್ರತಿ ಬೆಳಿಗ್ಗೆಯೂ ಮೂರನೆಯ ಪ್ರಶ್ನೆ ಬಂದಾಗ “ಅಡ್ಡಿಯೇನೂ ಇಲ್ಲ” ಎಂದು ಕಂಠಪಾಠ ಮಾಡಿದ ಇಂಗ್ಲಿಷಿನಲ್ಲಿ ಒಪ್ಪಿಸಿ ಕುಳಿತನು. ಒಂದು ವಾರವಾಯಿತು, ಎರಡಾಯಿತು, ಮೂರಾಯಿತು. ರಾತ್ರಿ ತಾಯಿ ಫೋನಿನಲ್ಲಿ “ಉಂಡೇನೋ ತಮ್ಮಾ? ಕೆಲಸ ಹ್ಯಾಂಗ ಅದ?” ಎಂದು ಕೇಳಿದರೆ “ಛಲೋ ಅದ ಬೇ” ಎನ್ನುತ್ತಿದ್ದನಂತೆ.

“ಯಾಕಪ್ಪ, ಯಾರನ್ನಾದರೂ ಕೇಳಬಾರದಿತ್ತೆ?” ಎಂದೆ ನಾನು.

ಅವನು ತಲೆ ತಗ್ಗಿಸಿ ಹೇಳಿದ ಉತ್ತರವನ್ನು ನಾನು ಮರೆಯುವಂತಿಲ್ಲ. “ಸರ, ಸಾಲಿಯೊಳಗ, ಕಾಲೇಜಿನೊಳಗ ಗೊತ್ತಿಲ್ಲ ಅಂದ್ರ ನಿಲ್ಲಸ್ತಿದ್ರಿ. ಗೊತ್ತದ ಅಂತ ಸುಮ್ಮ ಕುಂತ್ರ ಬಿಡ್ತಿದ್ರಿ. ಅದೇ ರೂಢಿ ಆಗಿತ್ರಿ.”

ಹೊಡೆತ ನನಗೂ ತಾಗಿತು. ನಾನೂ ನಿಲ್ಲಿಸಿದವನೇ.

ಅವನ ಕೆಲಸವನ್ನು ನೋಡಿಕೊಳ್ಳಲು ನೇಮಿಸಿದ್ದ ಹಿರಿಯ ಎಂಜಿನಿಯರು ಶಿವಮೊಗ್ಗದ ಕಡೆಯ ಹೆಣ್ಣುಮಗಳು. ಮೂರನೆಯ ವಾರದ ಕೊನೆಗೆ ಆಕೆ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಅವನು ಏನೇನು ಪ್ರಯತ್ನ ಮಾಡಿದ್ದಾನೆಂದು ತೋರಿಸಲು ಹೇಳಿದರು. ಹತ್ತು ನಿಮಿಷದಲ್ಲಿ ಗಂಟು ಬಿಚ್ಚಿತು. ತಾರೀಖನ್ನು ಒಂದು ಕಡೆ ದಿನ, ತಿಂಗಳು ಎಂದೂ ಇನ್ನೊಂದು ಕಡೆ ಅಮೆರಿಕದವರಂತೆ ತಿಂಗಳು, ದಿನ ಎಂದೂ ಓದುತ್ತಿದ್ದರಷ್ಟೇ. ಆಕೆ ಬೈಯಲಿಲ್ಲ. “ಮೂರು ವಾರ ಒಬ್ಬನೇ ಹೊತ್ತೆಯಲ್ಲಪ್ಪ! ಇನ್ನು ಮೇಲೆ ಅರ್ಧ ಗಂಟೆ ನೀನು ಹುಡುಕು. ಆಗಲೂ ಸಿಗದಿದ್ದರೆ ನನ್ನನ್ನು ಹುಡುಕು. ಕನ್ನಡದಲ್ಲೇ ಕೇಳು, ಯಾರೂ ಬೇಡ ಅನ್ನುವುದಿಲ್ಲ” ಎಂದರು.

ಕನ್ನಡದ ‘ಕೇಳು’ ಎಂಬ ಮಾತು ವಿಶಿಷ್ಟವಾದುದು. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಎರಡನ್ನೂ ಒಂದೇ ಧಾತುವಿನಲ್ಲಿಟ್ಟ ನಮ್ಮ ಹಿರಿಯರು, ಒಂದಿಲ್ಲದೆ ಇನ್ನೊಂದು ಅಪೂರ್ಣವೆಂದು ತಿಳಿದಿದ್ದರೋ ಏನೋ. ನಮ್ಮ ತರಗತಿಗಳಲ್ಲಿ ಮಾತ್ರ ಮೊದಲನೆಯ ಅರ್ಥವೊಂದೇ ಉಳಿದಿದೆ. ಹುಡುಗ ಎರಡನೆಯದನ್ನು ಕಲಿಯಲು ಬೆಂಗಳೂರಿಗೆ ಹೋಗಬೇಕಾಯಿತು.

‘ಮಲ್ಲಿಕಾರ್ಜ’ ಪ್ರಕರಣ

ಆರನೆಯ ತಿಂಗಳಲ್ಲಿ ಒಂದು ದೂರು ಬಂದಿತು. ಒಂದು ಸಹಕಾರಿ ಸಂಘದಲ್ಲಿ ಪಾಸ್‌ಬುಕ್ಕುಗಳನ್ನು ಕನ್ನಡದಲ್ಲಿ ಮುದ್ರಿಸತೊಡಗಿದ್ದರು. ಮಲ್ಲಿಕಾರ್ಜುನ ಎಂಬ ಸದಸ್ಯರ ಪುಸ್ತಕದಲ್ಲಿ ‘ಮಲ್ಲಿಕಾರ್ಜ’ ಎಂದು ಅಚ್ಚಾಗಿತ್ತು. ಗುಮಾಸ್ತರು ಬೆರಳಚ್ಚಿನಲ್ಲಿ ತಪ್ಪಿರಬೇಕೆಂದು ತಂಡದವರು ದೂರನ್ನು ಬದಿಗಿಟ್ಟರು. ತಪ್ಪು ನೋಡುವವರಿಗೆ ಚಿಕ್ಕದು. ಆದರೆ ಹುಡುಗನಿಗೆ ಅದು ಚಿಕ್ಕದಾಗಿ ಕಾಣಲಿಲ್ಲ. ಅವನ ತಂದೆಯ ಹೆಸರಿನ ಒಂದು ಒತ್ತಕ್ಷರ ಒಂದು ಕಾಗದದಲ್ಲಿತ್ತು, ಇನ್ನೊಂದರಲ್ಲಿರಲಿಲ್ಲ. ಆ ಒತ್ತಕ್ಷರದ ಹಿಂದೆ ತಂದೆ ಎರಡು ಹಂಗಾಮು ಅಲೆದದ್ದನ್ನು, ಟೋಪಿ ಕೈಯಲ್ಲಿ ಹಿಡಿದು ಕಿಟಕಿಯ ಮುಂದೆ ಮಾತಿಲ್ಲದೆ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದನು. ಹೆಸರು ತಪ್ಪಾದರೆ ಸಾಲವಿಲ್ಲ, ಪರಿಹಾರವಿಲ್ಲ. ಕಾಗದದ ಮಟ್ಟಿಗೆ ಆ ಮನುಷ್ಯನೇ ಇಲ್ಲ.

ಎರಡು ದಿನ ಅವನು ಸುಮ್ಮನಿದ್ದನು. “ನಾ ಎಷ್ಟರವ, ಹಿರಿಯರು ಹೇಳಿದ ಮ್ಯಾಗ ನಾ ಏನ್ ಹೇಳ್ಲಿ” ಎಂಬ ಹಳೆಯ ರೂಢಿ. ಮೂರನೆಯ ಬೆಳಿಗ್ಗೆ ಸಭೆಯಲ್ಲಿ ಎದ್ದು ಕೇಳಿಯೇ ಬಿಟ್ಟನು: “ಗುಮಾಸ್ತರೇ ತಪ್ಪು ಮಾಡಿದ್ದಾರೆಂದು ನಮಗೆ ಹೇಗೆ ಗೊತ್ತು? ನಾನೊಮ್ಮೆ ನೋಡಲೆ?”

ನೋಡಿದಾಗ ತಿಳಿದುದು ಇಷ್ಟು. ಹೆಸರಿಗೆಂದು ಯಂತ್ರದಲ್ಲಿ 30 ಬೈಟುಗಳ ಜಾಗವನ್ನು ಹಿಂದೆಂದೋ ಯಾರೋ ಗೊತ್ತುಪಡಿಸಿದ್ದರು. ಹೆಚ್ಚಾದುದನ್ನು ಕತ್ತರಿಸಿಬಿಡೆಂದು ಬರೆದಿದ್ದರು. ಬೈಟು ಎಂದರೆ ಯಂತ್ರದ ನೆನಪಿನ ಒಂದು ಪುಟ್ಟ ಗೂಡು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಗೂಡು ಸಾಕು. ಕನ್ನಡಕ್ಕೆ ಜಗತ್ತಿನ ಲಿಪಿಗಳನ್ನೆಲ್ಲ ಒಳಗೊಂಡ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ 1991ರಲ್ಲೇ ಸ್ಥಾನ ದೊರೆಯಿತು. ಆದರೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಬಗೆಯಲ್ಲಿ ಬರೆದಿಟ್ಟಾಗ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಗೂಡು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಬರೆದ ಮಲ್ಲಿಕಾರ್ಜುನನಿಗೆ 12 ಗೂಡು ಸಾಕು. ಕನ್ನಡದ ಮಲ್ಲಿಕಾರ್ಜುನನಿಗೆ 36 ಬೇಕು. 30 ತುಂಬಿದೊಡನೆ ಕತ್ತರಿ ಬಿದ್ದಿತು. ಕೊನೆಯ ಕೊಂಬೂ ‘ನ’ಕಾರವೂ ಹೊರಗುಳಿದವು. ಮಾಡಿ ಪರೀಕ್ಷಿಸಿದವರೆಲ್ಲ ಇಂಗ್ಲಿಷ್ ಹೆಸರುಗಳನ್ನೇ ಹಾಕಿ ನೋಡಿದ್ದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗುಮಾಸ್ತರ ಬೆರಳು ನಿರಪರಾಧಿ!

ಇಷ್ಟು ಹೇಳಿ ಹುಡುಗ ನನ್ನ ಮುಖ ನೋಡಿದನು. “ಸರ, ಇದು ನಿಮ್ಮ ಪಾಠದಾಗೇ ಇತ್ರಿ.”

ನನಗೆ ನೆನಪಾಯಿತು. ಹಳಗನ್ನಡ ಪದ್ಯವೊಂದನ್ನು ಓದಿಸುವಾಗ ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ, ಲಘು ಗುರುಗಳನ್ನು ಎಣಿಸಿ ತೋರಿಸಿದ್ದೆ. ಒಂದು ಮಾತಿನಲ್ಲಿ ಅಕ್ಷರಗಳೆಷ್ಟು ಎಂಬುದು ಬೇರೆ, ಮಾತ್ರೆಗಳೆಷ್ಟು ಎಂಬುದು ಬೇರೆ. ಏನನ್ನು ಎಣಿಸುತ್ತಿದ್ದೀರೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿರೆಂದು ಹೇಳಿದ್ದೆ. ತರಗತಿ ಆಕಳಿಸಿತ್ತು. ಕೊನೆಯ ಬೆಂಚು ಮಾತ್ರ ಕೇಳಿಸಿಕೊಂಡಿತ್ತು. ಹುಡುಗ ತನ್ನ ತಂಡದವರ ಮುಂದೆ ಬಿಳಿ ಹಲಗೆಯ ಮೇಲೆ ಅದನ್ನೇ ಬರೆದು ತೋರಿಸಿದ್ದನು: ಮಲ್ಲಿಕಾರ್ಜುನ ಎಂಬ ಹೆಸರಿನಲ್ಲಿ ಅಕ್ಷರ 5, ಮಾತ್ರೆ 7, ಯಂತ್ರದ ಚಿಹ್ನೆ 12, ಬೈಟು 36. ನಾಲ್ಕೂ ಸರಿಯಾದ ಲೆಕ್ಕಗಳೇ. ಆದರೆ ಯಂತ್ರ ಒಂದನ್ನು ಎಣಿಸುವಾಗ ಮನುಷ್ಯ ಇನ್ನೊಂದನ್ನು ಎಣಿಸಿದರೆ ಹೆಸರು ತುಂಡಾಗುತ್ತದೆ.

ಕಥೆ ಇಲ್ಲಿಗೇ ಮುಗಿದು ನಮ್ಮ ಹುಡುಗ ವೀರನಾದನೆಂದು ತಿಳಿಯಬೇಡಿ. ಅವನ ಮೊದಲ ತಿದ್ದುಪಡಿಯೂ ತಪ್ಪೇ ಆಯಿತು. ಬೈಟುಗಳ ಬದಲು ಚಿಹ್ನೆಗಳನ್ನು ಎಣಿಸುವಂತೆ ಅವನು ಬರೆದನು. ಅದನ್ನು ಓದಿ ನೋಡಿದ ಸಹೋದ್ಯೋಗಿಯೊಬ್ಬನು ಇನ್ನೂ ಉದ್ದವಾದ, ಒತ್ತಕ್ಷರಗಳು ಕಿಕ್ಕಿರಿದ ಹೆಸರೊಂದನ್ನು ಹಾಕಿ ತೋರಿಸಿದನು. ಕತ್ತರಿ ಈಗ ಒತ್ತಕ್ಷರದ ನಟ್ಟನಡುವೆ ಬಿದ್ದು, ಹೆಸರು ಅರ್ಧ ವ್ಯಂಜನದ ಮೇಲೆ ನಿಂತಿತ್ತು! ಕೊನೆಗೆ ಎಲ್ಲರೂ ಕೂಡಿ ಹೆಸರಿನ ಜಾಗವನ್ನೇ ಹಿಗ್ಗಿಸಿದರು. ಅಚ್ಚಿನಲ್ಲಿ ಜಾಗ ಸಾಲದೆ ಮೊಟಕುಮಾಡಲೇಬೇಕಾದ ಕಡೆ, ಅರ್ಧಾಕ್ಷರದ ಚಿಹ್ನೆಯ ನಂತರವಾಗಲಿ ಕಾಗುಣಿತದ ಚಿಹ್ನೆಯ ಅಥವಾ ಸೊನ್ನೆಯ ಮುನ್ನವಾಗಲಿ ಕತ್ತರಿಸಕೂಡದೆಂಬ ಕಟ್ಟಳೆ ಬರೆದರು. ಆ ಕಟ್ಟಳೆಯ ಪರೀಕ್ಷೆಗೆಂದು ಹುಡುಗ ತನ್ನೂರಿನ ಹೆಸರುಗಳನ್ನೇ ನೆನಪು ಮಾಡಿಕೊಂಡು ಕೊಟ್ಟನು. ಸಂಘದ ಪುಸ್ತಕದಲ್ಲಿ ಮಲ್ಲಿಕಾರ್ಜುನರು ಮತ್ತೆ ಪೂರ್ಣರಾದರು.

ಹುಳ ಉದುರಿಸುವ ವಿದ್ಯೆ

ಪ್ರೋಗ್ರಾಮಿನ ತಪ್ಪಿಗೆ ಇಂಗ್ಲಿಷಿನಲ್ಲಿ ‘ಬಗ್’ ಎನ್ನುತ್ತಾರೆ, ಹುಳ ಎಂದರ್ಥ. ಯಂತ್ರದ ದೋಷಕ್ಕೆ ಎಂಜಿನಿಯರುಗಳು ಈ ಮಾತನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಬಳಸುತ್ತಿದ್ದರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಕಯಂತ್ರವೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತು. ಅಲ್ಲಿಯ ಸಿಬ್ಬಂದಿ ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ನಿಜವಾದ ಹುಳ ಸಿಕ್ಕಿದ್ದು ಇದೇ ಮೊದಲೆಂದು ತಮಾಷೆಯ ಟಿಪ್ಪಣಿ ಬರೆದಿಟ್ಟರು.

ನಡುವೆ ರಜೆಯಲ್ಲಿ ಊರಿಗೆ ಬಂದಾಗ ಹುಡುಗ ಇದನ್ನು ಮನೆಯಲ್ಲಿ ಹೇಳಿದನಂತೆ. ತಂದೆ ನಕ್ಕು, “ಅಲ್ಲೋ ತಮ್ಮಾ, ಅಷ್ಟು ದೂರ ಹೋಗಿ ನೀನೂ ಹುಳಾನೇ ಹಿಡಿಲಾಕ ಹತ್ತೀದಿ ಏನು?” ಎಂದರಂತೆ. ಇದು ನಗೆಯ ಮಾತಲ್ಲ. ತೊಗರಿಗೆ ಕಾಯಿಕೊರಕ ಹುಳ ಬಿದ್ದರೆ ಬೆಳೆ ಕೈಬಿಟ್ಟಂತೆಯೇ. ಔಷಧಕ್ಕೆ ಹುಳ ಬಗ್ಗದಿದ್ದಾಗ ನಮ್ಮ ಕಡೆಯ ಒಕ್ಕಲಿಗರು ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡವನ್ನು ಮೆಲ್ಲನೆ ಅಲುಗಿಸಿ ಹುಳಗಳನ್ನು ಉದುರಿಸಿ ಆರಿಸುತ್ತಾರೆ. ಹೂ ಉದುರಬಾರದು, ಹುಳ ಮಾತ್ರ ಉದುರಬೇಕು. ಒಬ್ಬನಿಂದಾಗದ ಕೆಲಸ, ಅಲುಗಿಸುವವನೊಬ್ಬ, ತಾಡಪತ್ರಿ ಹಿಡಿಯುವವರಿಬ್ಬರು ಬೇಕು. ಒಬ್ಬನ ಹೊಲದಲ್ಲಿ ಹುಳವಿದ್ದರೆ ಬಚ್ಚಿಡುವಂತಿಲ್ಲ, ನಾಳೆ ಪಕ್ಕದ ಹೊಲಕ್ಕೂ ಅದು ಹೋಗುತ್ತದೆ. ಸಾಫ್ಟ್‌ವೇರಿನ ಹುಳಕ್ಕೂ ಇದೇ ನ್ಯಾಯವೆಂದು ಹುಡುಗ ಕಂಡುಕೊಂಡನು. ಬಚ್ಚಿಟ್ಟ ತಪ್ಪು ಬೆಳೆಯುತ್ತದೆ; ಹತ್ತು ಜನರ ಮುಂದೆ ಹೇಳಿದ ತಪ್ಪು ಸಂಜೆಯೊಳಗೆ ಸರಿಹೋಗುತ್ತದೆ. ಅವನ ತಂದೆ ಇದನ್ನು ಹೊಲದಲ್ಲಿ ಬಲ್ಲರು. ಆದರೆ ಕಚೇರಿಯ ಕಿಟಕಿಯ ಮುಂದೆ ಅದೇ ತಂದೆ ಮಾತಿಲ್ಲದೆ ನಿಲ್ಲುತ್ತಿದ್ದರು. ಆ ರಜೆಯಲ್ಲಿ ತಂದೆಯೊಡನೆ ಮಗನೂ ಹೋಗಿ, ಯಾವ ಕಾಗದದ ಹೆಸರಿಗೆ ಯಾವುದು ತಾಳೆಯಾಗುತ್ತಿಲ್ಲ, ತಿದ್ದುಪಡಿಗೆ ಯಾವ ಅರ್ಜಿ, ಯಾವ ದಾಖಲೆ, ಎಷ್ಟು ದಿನ ಎಂದು ಒಂದೊಂದಾಗಿ ವಿನಯದಿಂದ ಕೇಳಿ ಬರೆದುಕೊಂಡು ಬಂದನು. ಅರ್ಜಿಯ ಕೆಲಸ ಮುಗಿಯಲು ಕಾಲ ಹಿಡಿಯಿತು. ಆದರೆ ಅಂದು ಮನೆಗೆ ಮರಳುವಾಗ ತಂದೆ ಹೇಳಿದ್ದು: “ಕೇಳಿದ್ರ ಹೇಳ್ತಾರಲ್ಲೋ!”

ವರ್ಷದ ಲೆಕ್ಕ

ಹನ್ನೆರಡನೆಯ ತಿಂಗಳು ಬಂದಿತು. ಅವನೊಡನೆ ಸೇರಿದ್ದವರು ಮೂವರು. ಸಂಸ್ಥೆ ಒಬ್ಬನನ್ನು ಮಾತ್ರ ಉಳಿಸಿಕೊಂಡಿತು. ಆ ಒಬ್ಬನು ನಮ್ಮ ಹುಡುಗನಲ್ಲ. “ಅವ ನನಗಿಂತ ಶಾಣ್ಯಾ ರೀ ಸರ” ಎಂದು ಹೊಟ್ಟೆಕಿಚ್ಚಿಲ್ಲದೆ ಹೇಳಿದನು. ಕಾಲವೂ ಅನುಕೂಲವಾಗಿರಲಿಲ್ಲ. 2023–24ರ ಒಂದೇ ವರ್ಷದಲ್ಲಿ ಟಿ.ಸಿ.ಎಸ್., ಇನ್ಫೋಸಿಸ್, ವಿಪ್ರೋ ಈ ಮೂರು ಕಂಪೆನಿಗಳ ನೌಕರರ ಒಟ್ಟು ಸಂಖ್ಯೆ ಸುಮಾರು 64,000ದಷ್ಟು ಇಳಿದಿತ್ತು. ದೊಡ್ಡ ಮರಗಳೇ ಎಲೆ ಉದುರಿಸುವಾಗ ಚಿಕ್ಕ ಗಿಡಗಳ ಪಾಡೇನು? ಹಿರಿಯ ಎಂಜಿನಿಯರು ಅವನಿಗೊಂದು ಪ್ರಶಂಸಾಪತ್ರ ಬರೆದುಕೊಟ್ಟು, ಎಲ್ಲಿಗಾದರೂ ಸಂದರ್ಶನಕ್ಕೆ ಹೋಗುವ ಮುನ್ನ ತನಗೆ ಫೋನು ಮಾಡಬೇಕೆಂದು ಹೇಳಿ ಬೀಳ್ಕೊಟ್ಟರು.

“ಮನೆಯಲ್ಲಿ ಏನೆಂದರು?” ಎಂದು ಕೇಳಿದೆ.

ನೌಕರಿ ಖಾಯಂ ಅಲ್ಲವೆಂಬುದನ್ನು ಹುಡುಗ ಮೊದಲೇ ಬಚ್ಚಿಟ್ಟಿದ್ದನಷ್ಟೆ. ಒಂಬತ್ತನೆಯ ತಿಂಗಳಲ್ಲಿ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಿದ್ದನು. ತಂದೆ ಬಹಳ ಹೊತ್ತು ಸುಮ್ಮನಿದ್ದು, “ಮೊದಲೇ ಯಾಕ ಹೇಳಲಿಲ್ಲ?” ಎಂದರಂತೆ. ಇವನು, “ನೀವು ಸಿಟ್ಟಾಗ್ತೀರಿ ಅಂತ” ಎಂದನಂತೆ. ತಂದೆ, “ಸಿಟ್ಟು ಸಂಜಿಗಿ ಇಳೀತದ. ಸುಳ್ಳು ಇಳಿಯೂದಿಲ್ಲ” ಎಂದರಂತೆ. ಆ ಗಳಿಗೆಯಿಂದ ತನ್ನ ಎದೆಯ ಮೇಲಿನ ಚಪ್ಪಡಿ ಸರಿಯಿತೆಂದನು ಹುಡುಗ. ಗುಡಿಯ ಮುಂದೆ ನಾನು ಕಂಡ ನಗೆಯ ಮೂಲ ನನಗೆ ಆಗ ತಿಳಿಯಿತು.

ಮಕ್ಕಳನ್ನು ಇಂಥ ವರ್ಷಕ್ಕೆ ಕಳುಹಿಸುವ ಮನೆಯವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಅವನ ಮಾತುಗಳಿಂದಲೇ ಆರಿಸಿ ಹೇಳುತ್ತೇನೆ. ಅಪ್ರೆಂಟಿಸ್ ಕಾಯಿದೆಯಂತೆ ತರಬೇತಿಗೆ ಒಪ್ಪಂದಪತ್ರವಿರಬೇಕು, ಅದು ನೋಂದಣಿಯಾಗಿರಬೇಕು. ಬಾಯಿಮಾತಿನ ಭರವಸೆಯನ್ನು ನಂಬಬಾರದು. ಹಣ ಕೊಡಬೇಕಾದವರು ಕೆಲಸ ಪಡೆಯುವವರು. ತರಬೇತಿಯ ಹೆಸರಿನಲ್ಲಿ ಹುಡುಗರಿಂದಲೇ ಶುಲ್ಕ ಕೇಳುವ ಕಡೆ ಹೆಜ್ಜೆಯಿಡಬಾರದು. ಕಲಿಸುವ ಹೊಣೆ ಯಾರದೆಂದು ಮೊದಲ ದಿನವೇ ವಿಚಾರಿಸಬೇಕು; ಹೇಳಿಕೊಡುವವರಿಲ್ಲದ ಕಡೆ ವರ್ಷ ಕಳೆಯುತ್ತದೆಯೇ ಹೊರತು ವಿದ್ಯೆ ಕೂಡುವುದಿಲ್ಲ. ಕೊನೆಯ ಮಾತು: ವರ್ಷದ ಅಂತ್ಯದಲ್ಲಿ ನೌಕರಿ ಸಿಕ್ಕದೆಯೂ ಇರಬಹುದೆಂಬುದನ್ನು ಮನೆಯವರೂ ಮಕ್ಕಳೂ ಮೊದಲೇ ಒಟ್ಟಿಗೆ ಕುಳಿತು ಮಾತನಾಡಿಕೊಳ್ಳಬೇಕು. ಅದನ್ನು ಮುಚ್ಚಿಟ್ಟುಕೊಂಡು ಮಗ ರಾತ್ರಿಯೆಲ್ಲ ಎಚ್ಚರವಿರುವಂತಾಗಬಾರದು.

ಅಂದು ಹೋದ ಹುಡುಗ ನಾಲ್ಕು ತಿಂಗಳ ನಂತರ ಫೋನು ಮಾಡಿದನು. ಎರಡು ಸಂದರ್ಶನಗಳಲ್ಲಿ ಸೋತು, ಮೂರನೆಯದರಲ್ಲಿ ಹುಬ್ಬಳ್ಳಿಯ ಚಿಕ್ಕ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸಂಬಳ ಅವನು ಆಸೆಪಟ್ಟಷ್ಟಿಲ್ಲ. ಆದರೆ ತಿಂಗಳಿಗಿಷ್ಟೆಂದು ಊರಿಗೆ ಕಳುಹಿಸಬಹುದು. ಸಂದರ್ಶನದಲ್ಲಿ ಅವರು ಕೇಳಿದ ಐದು ಪ್ರಶ್ನೆಗಳಲ್ಲಿ ಎರಡು ಅವನಿಗೆ ಬರಲಿಲ್ಲವಂತೆ. “ಬರೂದಿಲ್ಲ ಅಂತ ಸೀದಾ ಹೇಳ್ದೆ ರೀ ಸರ. ಹ್ಯಾಂಗ ಹುಡಕ್ತೀನಿ ಅನ್ನೂದೂ ಹೇಳ್ದೆ” ಎಂದನು.

ಇನ್ನು ನನ್ನ ವಿಷಯ. ಹತ್ತಾರು ವರ್ಷಗಳಿಂದ ಪಾಠದ ಕೊನೆಗೆ “ಅರ್ಥವಾಯಿತೆ?” ಎಂದು ಕೇಳುವುದು ಮೇಷ್ಟರುಗಳಾದ ನಮ್ಮೆಲ್ಲರ ಪದ್ಧತಿ. ತರಗತಿ ಒಕ್ಕೊರಲಿನಿಂದ “ಆಯಿತು ಸರ್” ಎನ್ನುತ್ತದೆ. ನಾವು ಪುಸ್ತಕ ಮುಚ್ಚಿ ಹೊರಡುತ್ತೇವೆ. ಆ ರಾತ್ರಿಯ ನಂತರ ನಾನು ಪ್ರಶ್ನೆಯನ್ನು ಬದಲಿಸಿದ್ದೇನೆ. “ಯಾವುದು ಅರ್ಥವಾಗಲಿಲ್ಲ?” ಎಂದು ಕೇಳಿ, ಪುಸ್ತಕ ಮುಚ್ಚದೆ ನಿಲ್ಲುತ್ತೇನೆ. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರದ ಒಂದು ಮಧ್ಯಾಹ್ನ ಕೊನೆಯ ಬೆಂಚಿನಿಂದ, ಗೋಡೆಯ ಮಗ್ಗುಲಿನಿಂದ, ಒಂದು ಕೈ ಮೆಲ್ಲನೆ ಮೇಲೆದ್ದಿತು.